ಹುಳಿ ಬಿಯರ್ ಸವಿದರೆ ಸ್ಟೀರಿಂಗ್ ಮುಟ್ಟಬೇಡಿ

ದೋಸೆ ಹಿಟ್ಟು ಒಂದೇ ರಾತ್ರಿಯಲ್ಲಿ ಹುಳಿ ಬರುತ್ತದೆ. ಅಂಥದೇ ಸೂಕ್ಷ್ಮಜೀವಿಗಳಿಗೆ ಬಿಯರ್ ಒಪ್ಪಿಸಿ, ಹಣ್ಣು ಸೇರಿಸಿ, ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಾಗಿಸಿದರೆ ಹುಳಿ ಬಿಯರ್ ಸಿದ್ಧ.

ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೊಗೆ ಸುಮಾರು 190 ಕಿ.ಮೀ. ಈ ಭಾಗದ ಸಣ್ಣ ಬ್ರೂವರಿಗಳಿಗೆ ವಾರಾಂತ್ಯದಲ್ಲಿ ನಮ್ಮ ಹುಡುಗರೂ ಹೋಗುತ್ತಾರೆ. ಸ್ಯಾನ್ ಡಿಯಾಗೊ ಕೌಂಟಿಯ ಸ್ಯಾನ್ ಮಾರ್ಕೋಸ್‌ನಲ್ಲಿ 2006ರಲ್ಲಿ ಶುರುವಾದ 'ದಿ ಲಾಸ್ಟ್ ಆ್ಯಬಿ'ಯ 'ಕುವೆ ಡಿ ಟಾಮ್' ಹೆಸರಾಂತದ್ದು. ಬರ್ಬನ್ ವಿಸ್ಕಿ ತುಂಬಿದ್ದ ಓಕ್ ಪೀಪಾಯಿಯಲ್ಲಿ ಹುಳಿ ಚೆರ್ರಿ ಜತೆ ಇದು ಮಾಗುತ್ತದೆ. ಮೊದಲ ಗುಟುಕಿಗೆ ಪುನರ್ಪುಳಿಯಂಥ ಹುಳಿ, ಹಿಂದೆಯೇ ಹಣ್ಣಿನ ರುಚಿ, ಮರದ ಘಮ.

ಹುಳಿಯೇ ಮೋಸ ಮಾಡುವುದು. ಜ್ಯೂಸ್‌ನಂತೆ ಗಂಟಲಿಗಿಳಿಯುವ ಇದರಲ್ಲಿ ಮದ್ಯಸಾರ ಸುಮಾರು ಶೇ 11. ಸಾಮಾನ್ಯ ಬಿಯರ್‌ನಲ್ಲಿ ಶೇ 5ರ ಆಸುಪಾಸು. ಕ್ಯಾಲಿಫೋರ್ನಿಯಾದಲ್ಲಿ ರಕ್ತದಲ್ಲಿ ಶೇ 0.08ರಷ್ಟು ಮದ್ಯಸಾರ ಇಟ್ಟುಕೊಂಡು ಕಾರು ಓಡಿಸುವುದು ಅಪರಾಧ. ಕುಡಿದು ಓಡಿಸಿ ಬಂಧನಕ್ಕೊಳಗಾದರೆ, ಕೋರ್ಟ್ ತೀರ್ಪಿಗೆ ಮೊದಲೇ ವೀಸಾ ರದ್ದುಪಡಿಸಲು ಅಮೆರಿಕದ ಕಾನ್ಸುಲರ್ ಅಧಿಕಾರಿಗಳಿಗೆ 2015ರಿಂದ ಅವಕಾಶವಿದೆ. ಅಂಥವರು ಊರಿಗೆ ಬಂದರೆ, ಮರಳಲು ಹೊಸ ವೀಸಾ ಬೇಕು.

ಮಗನೋ ಅಳಿಯನೋ 'ರುಚಿ ನೋಡಲು ಹೋಗಿದ್ದೆ' ಎಂದು ಫೋನಿನಲ್ಲಿ ಹೇಳಿದರೆ ಗಾಬರಿ ಬೇಡ. 'ಕಾರು ಓಡಿಸಿದ್ದು ಯಾರಪ್ಪಾ?' ಎಂದು ಕೇಳಿ, ಸಾಕು.