ಮನೆಗೆ ಬಂದವನೆಲ್ಲ ತಂದೆಯೇ?

ನಸುಕಿನ ಮೂರೂವರೆಗೆ ಕೆಲಸ ಶುರು. ಮಧ್ಯಾಹ್ನ 12ರವರೆಗೆ ಅಡುಗೆ ಮಾಡಿ ಬಡಿಸುವ ದುಡಿಮೆ. ವಾರಕ್ಕೆ ಸಿಗುತ್ತಿದ್ದುದು 16ರಿಂದ 20 ಡಾಲರ್. ಮನೆಯಲ್ಲಿ ನಾಲ್ಕು ಮಕ್ಕಳು. ಅಮೆರಿಕದ ಅಲಬಾಮಾ ರಾಜ್ಯದ ಸಿಲ್ವೆಸ್ಟರ್ ಸ್ಮಿತ್ ಎಂಬ ಕಪ್ಪು ಮಹಿಳೆಯ ಬದುಕು ಇದು. 1966ರ ಅಕ್ಟೋಬರಿನಲ್ಲಿ ಆಕೆಗೆ ಒಂದು ನೋಟೀಸು ಬಂತು: ಮಕ್ಕಳಿಗಾಗಿ ಬರುತ್ತಿದ್ದ ಸರ್ಕಾರಿ ಸಹಾಯಧನ ರದ್ದಾಗಿದೆ!

ಆಕೆ ಮಾಡಿದ ತಪ್ಪೇನು? ವಿಲಿಯಮ್ಸ್ ಎಂಬಾತ ವಾರದ ಕೊನೆಯಲ್ಲಿ ಆಕೆಯ ಮನೆಗೆ ಬರುತ್ತಾನೆ, ಇಬ್ಬರಿಗೂ ಸಂಬಂಧವಿದೆ ಎಂಬ ಮಾಹಿತಿ ಕಲ್ಯಾಣ ಇಲಾಖೆಯ ಕಾರ್ಯಕರ್ತೆಗೆ ತಲುಪಿತ್ತು. 1964ರಲ್ಲಿ ಅಲಬಾಮಾ ಜಾರಿಗೆ ತಂದ ನಿಯಮದಂತೆ ಅಂಥವನು ಮಕ್ಕಳಿಗೆ 'ಬದಲಿ ತಂದೆ'. ತಂದೆಯಿದ್ದ ಮೇಲೆ ಸಹಾಯವೇಕೆ ಎಂಬುದು ಸರ್ಕಾರದ ತರ್ಕ. ಆತನಿಗೋ ಹೆಂಡತಿ ಮತ್ತು ಒಂಬತ್ತು ಮಕ್ಕಳಿದ್ದರು. ಸ್ಮಿತ್ ಅವರ ಮಕ್ಕಳನ್ನು ಸಾಕುವ ಹೊಣೆ ಕಾನೂನಿನಂತೆ ಆತನದಾಗಿರಲಿಲ್ಲ.

ತಂದೆಯ ಆಸರೆ ತಪ್ಪಿದ ಬಡ ಮಕ್ಕಳಿಗೆಂದು 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಕಾಲದಲ್ಲಿ ಹುಟ್ಟಿದ ಯೋಜನೆ ಅದು. ಆದರೆ ಕೊಡುವ ಕೈಯೇ ಕಾವಲು ಕಾಯತೊಡಗಿತು. ಹೊಸ ನಿಯಮ ಬಂದ ಎರಡೂವರೆ ವರ್ಷಗಳಲ್ಲಿ ಅಲಬಾಮಾದ ಫಲಾನುಭವಿಗಳ ಪಟ್ಟಿಯಲ್ಲಿದ್ದ ಮಕ್ಕಳ ಸಂಖ್ಯೆ ಸುಮಾರು 16,000ದಷ್ಟು ಇಳಿಯಿತು.

ಹಾಗೆಂದು ಇಲಾಖೆಯ ನೌಕರರೆಲ್ಲ ಕಲ್ಲೆದೆಯವರೆನ್ನಲಾಗದು. 1963ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಅಲಮೇಡಾ ಕೌಂಟಿಯಲ್ಲಿ, ಮನೆಯಲ್ಲಿ ಗಂಡಸರಿದ್ದಾರೆಯೇ ಎಂದು ನೋಡಲು ಬೆಳಗಾಗುವ ಮೊದಲೇ ತಾಯಂದಿರ ಬಾಗಿಲು ತಟ್ಟುವಂತೆ ಆದೇಶವಾಯಿತು. ಬೆನ್ನಿ ಪ್ಯಾರಿಷ್ ಎಂಬ ಕಾರ್ಯಕರ್ತ ಒಪ್ಪಲಿಲ್ಲ, ನೌಕರಿ ಹೋಯಿತು. 1967ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು.

ಸ್ಮಿತ್ ಕೂಡ ಸುಮ್ಮನಾಗಲಿಲ್ಲ. ಅವರ ಮೊಕದ್ದಮೆ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1968ರ ಜೂನ್ 17ರಂದು ನ್ಯಾಯಾಧೀಶರೆಲ್ಲ ಒಮ್ಮತದಿಂದ ಅಲಬಾಮಾದ ನಿಯಮವನ್ನು ತಳ್ಳಿಹಾಕಿದರು. ಮಕ್ಕಳನ್ನು ಸಾಕುವ ಕಾನೂನುಬದ್ಧ ಹೊಣೆ ಇರುವವರೇ ಪಾಲಕರು. ತಾಯಿಯ ನಡತೆಯ ನೆಪದಲ್ಲಿ ಮಕ್ಕಳ ಅನ್ನ ಕಸಿಯುವಂತಿಲ್ಲ ಎಂಬುದು ತೀರ್ಪಿನ ಸಾರ. 1970ರಲ್ಲಿ ಇನ್ನೊಂದು ತೀರ್ಪು ಬಂತು: ಸಹಾಯಧನ ನಿಲ್ಲಿಸುವ ಮೊದಲು ಫಲಾನುಭವಿಯ ಅಹವಾಲು ಕೇಳಲೇಬೇಕು.

ಆ ಹಳೆಯ ಯೋಜನೆ 1996ರಲ್ಲಿ ಕೊನೆಗೊಂಡಿತು. ಅದರ ಜಾಗಕ್ಕೆ ಬಂದ ಯೋಜನೆಯಲ್ಲಿ ಕೆಲಸದ ಷರತ್ತು ಇದೆ. ಕೇಂದ್ರದ ಹಣ ಸಾಮಾನ್ಯವಾಗಿ 5 ವರ್ಷಕ್ಕೆ ಸೀಮಿತ. ಷರತ್ತು ಬದಲಾದರೂ ಅರ್ಜಿ ಹಿಡಿದು ನಿಲ್ಲುವವರಲ್ಲಿ ಒಂಟಿ ತಾಯಂದಿರೇ ಹೆಚ್ಚು.

ಪ್ರಯೋಗಶಾಲೆಯಲ್ಲಿ ತೂಕ ನೋಡಬೇಕಾದಲ್ಲಿ ಉದ್ದ ಅಳೆದರೆ ಲೆಕ್ಕ ತಪ್ಪುತ್ತದೆ ಎಂಬುದು ವಿದ್ಯಾರ್ಥಿಗಳಿಗೆ ಗೊತ್ತು. ಅಲಬಾಮಾ ಮಾಡಿದ್ದೂ ಅದನ್ನೇ. ಮಕ್ಕಳ ಹಸಿವನ್ನು ಅಳೆಯಬೇಕಿತ್ತು. ತಾಯಿಯ ಶೀಲವನ್ನು ಅಳೆಯಿತು.