ಸುಪ್ತಾವಧಿಯ ಪಾಠ: ಕುರು ರೋಗ ಮತ್ತು ರಕ್ತಪೂರಣದ ಸುರಕ್ಷತೆ

ರೋಗದ ಮೂಲವನ್ನು ಸಮುದಾಯವೊಂದು ತನ್ನ ನಂಬಿಕೆಗಳ ನೆಲೆಯಲ್ಲಿ ಅರ್ಥೈಸಿಕೊಳ್ಳುವುದು ಜಾನಪದ ಅಧ್ಯಯನಕ್ಕೆ ಪರಿಚಿತವಾದ ಸಂಗತಿ. ಪಪುವಾ ನ್ಯೂಗಿನಿಯ ಪೂರ್ವ ಭಾಗದ ಬೆಟ್ಟನಾಡಿನಲ್ಲಿ ವಾಸಿಸುವ ಫೋರೆ ಜನರು ಮೈನಡುಕದಿಂದ ಆರಂಭವಾಗಿ ಸಾವಿನಲ್ಲಿ ಕೊನೆಗೊಳ್ಳುತ್ತಿದ್ದ ‘ಕುರು’ ರೋಗವನ್ನು ಮಾಟದ ಫಲವೆಂದು ಭಾವಿಸಿದ್ದರು. 1957ರಲ್ಲಿ ವಿನ್ಸೆಂಟ್ ಜಿಗಾಸ್ ಮತ್ತು ಕಾರ್ಲ್‌ಟನ್ ಗೈಡುಶೆಕ್ ಅವರು ಈ ರೋಗವನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. 1960ರ ದಶಕದಲ್ಲಿ ಕ್ಷೇತ್ರಕಾರ್ಯ ಕೈಗೊಂಡ ಮಾನವಶಾಸ್ತ್ರಜ್ಞರಾದ ಶರ್ಲಿ ಲಿಂಡನ್‌ಬಾಮ್ ಮತ್ತು ರಾಬರ್ಟ್ ಗ್ಲಾಸ್ ಅವರು, ಮೃತ ಬಂಧುಗಳ ದೇಹವನ್ನು ಸೇವಿಸುವ ಅಂತ್ಯಸಂಸ್ಕಾರದ ಆಚರಣೆಯೊಂದಿಗೆ ರೋಗಕ್ಕಿರುವ ಸಂಬಂಧವನ್ನು ಗುರುತಿಸಿದರು. ಆ ಆಚರಣೆಯಲ್ಲಿ ಮುಖ್ಯವಾಗಿ ಪಾಲ್ಗೊಳ್ಳುತ್ತಿದ್ದ ಸ್ತ್ರೀಯರು ಮತ್ತು ಮಕ್ಕಳಲ್ಲಿಯೇ ರೋಗವು ಹೆಚ್ಚಾಗಿತ್ತು.

1950ರ ದಶಕದ ಅಂತ್ಯದ ವೇಳೆಗೆ ಆಚರಣೆ ನಿಂತಿತಾದರೂ ರೋಗ ಕೂಡಲೇ ನಿಲ್ಲಲಿಲ್ಲ. 1996ರಿಂದ 2004ರವರೆಗಿನ ಅವಧಿಯಲ್ಲಿಯೂ 11 ಹೊಸ ರೋಗಿಗಳು ಪತ್ತೆಯಾದರು. ಕೆಲವರಲ್ಲಿ ಸೋಂಕು ನಾಲ್ಕು ದಶಕಗಳಿಗೂ ಮೀರಿ ಸುಪ್ತವಾಗಿತ್ತೆಂಬುದು ಇದರಿಂದ ಸ್ಪಷ್ಟವಾಯಿತು. ಇದಕ್ಕೆ ಕಾರಣವಾದುದು ವಿಕೃತವಾಗಿ ಮಡಿಕೆಗೊಂಡ ಪ್ರೋಟೀನು. ಇದು ಸಹಜ ಪ್ರೋಟೀನನ್ನೂ ತನ್ನ ರೂಪಕ್ಕೆ ತಿರುಗಿಸುತ್ತದೆ. 1982ರಲ್ಲಿ ಸ್ಟ್ಯಾನ್ಲಿ ಪ್ರುಸಿನರ್ ಇದನ್ನು ‘ಪ್ರಿಯಾನ್’ ಎಂದು ಕರೆದರು.

ಇದೇ ಬಗೆಯ ಸಮಸ್ಯೆ ಬ್ರಿಟನ್ನಿನಲ್ಲಿ ಬೇರೊಂದು ರೂಪದಲ್ಲಿ ಎದುರಾಯಿತು. ಹುಚ್ಚು ಹಸು ರೋಗಕ್ಕೆ ಸಂಬಂಧಿಸಿದ ಹೊಸ ಬಗೆಯ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ರೋಗ 1996ರಲ್ಲಿ ಮನುಷ್ಯರಲ್ಲಿ ಗುರುತಿಸಲ್ಪಟ್ಟಿತು. ಆರೋಗ್ಯವಂತನಂತೆ ಕಾಣುವ ದಾನಿಯ ರಕ್ತದಲ್ಲಿಯೂ ಸೋಂಕು ಇರಬಹುದೆಂಬ ಶಂಕೆ ಮೂಡಿತು. ದಾನಿಗಳ ರಕ್ತವನ್ನು ಪರೀಕ್ಷಿಸಿ ಅದನ್ನು ಪತ್ತೆಹಚ್ಚುವ ವಿಧಾನವಿರಲಿಲ್ಲ. ಸಾಮಾನ್ಯ ಕ್ರಿಮಿನಾಶಕ ಕ್ರಮಗಳಿಗೆ ಪ್ರಿಯಾನ್ ನಾಶವಾಗುವುದೂ ಇಲ್ಲ. ಆದುದರಿಂದ ಪುರಾವೆ ದೊರೆಯುವ ಮೊದಲೇ ಮುನ್ನೆಚ್ಚರಿಕೆ ವಹಿಸುವುದು ಅನಿವಾರ್ಯವಾಯಿತು. 1999ರ ವೇಳೆಗೆ ದಾನದ ರಕ್ತದಿಂದ ಬಿಳಿ ರಕ್ತಕಣಗಳನ್ನು ಸೋಸಿ ತೆಗೆಯುವ ಕ್ರಮ ಬ್ರಿಟನ್ನಿನಾದ್ಯಂತ ಜಾರಿಗೆ ಬಂದಿತು. ಔಷಧಿ ತಯಾರಿಕೆಗೆ ಬೇಕಾದ ಪ್ಲಾಸ್ಮಾವನ್ನು ವಿದೇಶಗಳಿಂದ ತರಿಸಿಕೊಳ್ಳಲಾಯಿತು.

ಶಂಕೆ ನಿರಾಧಾರವಾಗಿರಲಿಲ್ಲ. ರಕ್ತಪೂರಣದ ಮೂಲಕ ರೋಗ ಹರಡಿರಬಹುದಾದ ಮೊದಲ ಪ್ರಕರಣ 2003ರಲ್ಲಿ ಬೆಳಕಿಗೆ ಬಂದಿತು. ಒಟ್ಟು ಮೂವರಲ್ಲಿ ರೋಗ ಕಾಣಿಸಿಕೊಂಡಿತು; ಮತ್ತೊಬ್ಬರಲ್ಲಿ ರೋಗಲಕ್ಷಣಗಳಿಲ್ಲದೆ ಸೋಂಕು ಪತ್ತೆಯಾಯಿತು. ಈ ನಾಲ್ವರೂ ಪಡೆದುದು ಬಿಳಿ ಕಣಗಳನ್ನು ಬೇರ್ಪಡಿಸದ ಕೆಂಪು ಕಣಗಳನ್ನು ಎಂಬುದು ಗಮನಾರ್ಹ. 1980ರ ಅನಂತರ ರಕ್ತ ಪಡೆದವರು ರಕ್ತದಾನ ಮಾಡದಂತೆ 2004ರಲ್ಲಿ ನಿರ್ಬಂಧಿಸಲಾಯಿತು. ಹೀಗೆ ಸ್ವೀಕರಿಸಿದವರೇ ಮುಂದೆ ದಾನಿಗಳಾಗಿ ಸೋಂಕು ಹಬ್ಬುವ ಸರಪಳಿಯನ್ನು ತುಂಡರಿಸುವುದು ಇದರ ಉದ್ದೇಶವಾಗಿತ್ತು. ರೋಗಿಗಳ ಸಂಖ್ಯೆ ಕ್ಷೀಣಿಸಿದ ಬಳಿಕ ಕೆಲವು ನಿರ್ಬಂಧಗಳು ಸಡಿಲಗೊಂಡವು. ಬ್ರಿಟನ್ನಿನಲ್ಲಿ ನೆಲೆಸಿದ್ದವರು ರಕ್ತದಾನ ಮಾಡದಂತೆ ಅಮೆರಿಕ ಮತ್ತು ಆಸ್ಟ್ರೇಲಿಯಾಗಳು ವಿಧಿಸಿದ್ದ ತಡೆ 2022ರಲ್ಲಿ ತೆರವಾಯಿತು.

ಅಂತ್ಯಸಂಸ್ಕಾರವಾಗಲಿ ರಕ್ತದಾನವಾಗಲಿ ಆಳದಲ್ಲಿ ಮಮತೆಯ ಕ್ರಿಯೆಯೇ. ಸೋಂಕು ಸಾಗಿದುದು ಆ ಮಮತೆಯ ದಾರಿಯಲ್ಲಿಯೇ. ದಾರಿಯನ್ನು ಮುಚ್ಚಿದ ಮೇಲೂ ಫಲಿತಾಂಶಕ್ಕಾಗಿ ದಶಕಗಳ ಕಾಲ ಕಾಯಬೇಕಾಗುತ್ತದೆ ಎಂಬುದನ್ನು ಫೋರೆ ಜನರ ಅನುಭವ ತೋರಿಸಿಕೊಟ್ಟಿದೆ. ರೋಗಿಗಳು ಕಾಣದಿರುವುದೊಂದನ್ನೇ ಸುರಕ್ಷತೆಯ ಸಾಕ್ಷ್ಯವೆಂದು ಆತುರದಿಂದ ಪರಿಗಣಿಸಲಾಗದು ಎಂಬ ಎಚ್ಚರ ರಕ್ತನಿಧಿಗಳಿಗೆ ಇಂದಿಗೂ ಅಗತ್ಯ.