ಕೆರೆಯ ಸೊಪ್ಪು ಹಸಿರಾಗಿದ್ದರೆ ಸಾಕೆ?

ಕೆರೆಯ ಅಂಚಿನಲ್ಲಿ ಹೊನಗೊನೆ ಸೊಪ್ಪು ಬೆಳೆಯುತ್ತದೆ. ಕಿತ್ತು ತಂದು ಸಾರು ಮಾಡುತ್ತೇವೆ. ಕಣ್ಣಿಗೆ ಒಳ್ಳೆಯದು ಅಂತ ಹಿರಿಯರು ಹೇಳುತ್ತಾರೆ. ಆದರೆ ಆ ಕೆರೆಯ ನೀರು ಎಂಥದು?

ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನೇ ನೋಡಿ. ಚರಂಡಿ ನೀರು, ಕಾರ್ಖಾನೆ ನೀರು ಅದಕ್ಕೆ ಸೇರಿದವು. 2015ರಲ್ಲಿ ಕೆರೆಯ ನೊರೆಗೇ ಬೆಂಕಿ ಹತ್ತಿತು!

ಕಾರ್ಖಾನೆಯ ಕೊಳಕು ನೀರಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಇರಬಹುದು. ಇವು ಭಾರ ಲೋಹಗಳು. ನೀರಿನಲ್ಲಿ ಕರಗಿದರೆ ಕಣ್ಣಿಗೆ ಕಾಣುವುದಿಲ್ಲ.

ಗಿಡದ ಬೇರು ನೀರು ಕುಡಿಯುತ್ತದೆ. ಜೊತೆಗೆ ಲೋಹವೂ ಒಳಗೆ ಹೋಗುತ್ತದೆ. ಹೆಚ್ಚಿನ ಪಾಲು ಬೇರಿನಲ್ಲೇ ನಿಲ್ಲುತ್ತದೆ. ಉಳಿದದ್ದು ಕಾಂಡಕ್ಕೆ, ಎಲೆಗೆ ಏರುತ್ತದೆ. ಲೋಹ ಹೆಚ್ಚಾದರೆ ಬೇರು ಮೊಟಕಾಗುತ್ತದೆ. ಎಲೆ ಹಳದಿಯಾಗುತ್ತದೆ. ಗಿಡ ಕುಳ್ಳಾಗುತ್ತದೆ.

ಲೋಹ ಕಡಿಮೆ ಇದ್ದರೆ? ಗಿಡ ಸೊಂಪಾಗಿಯೇ ಇರುತ್ತದೆ. ಚರಂಡಿ ನೀರು ಅದಕ್ಕೆ ಗೊಬ್ಬರ! ನಾವು ಮೋಸ ಹೋಗುವುದು ಇಲ್ಲೇ. ನೇರಳೆ ಹೂ ಬಿಡುವ ನೀರಿನ ಕಳೆ ಬಹಳ ಲೋಹ ಹೀರಿಯೂ ದಟ್ಟವಾಗಿ ಬೆಳೆಯುತ್ತದೆ. ಅಂಥ ಕೆರೆಯ ಕಳೆಯನ್ನು ದನಕ್ಕೆ ಹಾಕಬೇಡಿ.

ಸೊಪ್ಪನ್ನು ಚೆನ್ನಾಗಿ ಬೇಯಿಸಿದರೆ ಆಯಿತಲ್ಲ, ಅನ್ನಬಹುದು. ಬೇಯಿಸಿದರೆ ರೋಗಾಣು ಸಾಯುತ್ತದೆ. ಲೋಹ ಹೋಗುವುದಿಲ್ಲ. ಸೀಸ ಮಕ್ಕಳ ಮೆದುಳಿಗೆ ಕೆಟ್ಟದ್ದು. ಕ್ಯಾಡ್ಮಿಯಂ ಮೂತ್ರಪಿಂಡ ಕೆಡಿಸುತ್ತದೆ.

ಹಾಗಾದರೆ ಏನು ಮಾಡೋಣ?

ಕೊಳಕು ನೀರು ಸೇರುವ ಕೆರೆಯ ಸೊಪ್ಪು ಬೇಡ. ಒಳ್ಳೆಯ ಜಾಗದ ಹೊನಗೊನೆ ಕಡ್ಡಿ ತಂದು ಹಿತ್ತಲಲ್ಲಿ ನೆಡಿ. ಬೇಗ ಚಿಗುರುತ್ತದೆ.

ಕೆರೆಗೆ ಕಾರ್ಖಾನೆ ನೀರು ಬರುತ್ತಿದೆಯೆ? ಗ್ರಾಮಸಭೆಯಲ್ಲಿ ಕೇಳಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡಿ. ಬರೆದು ಕೊಡುವವರನ್ನು ಹುಡುಕಬೇಕಿಲ್ಲ. ಈಗ ನೀವೇ ಬರೆಯಬಲ್ಲಿರಿ.